ಗದ್ದೆ ದಾಟಿ ಹೋದ ಮನೆ

ಮನೆ ಬೇರೆ, ನೆಲ ಬೇರೆ ಎಂದು ಅವಳು ಮೊದಲ ಸಲ ಹೇಳಿದಾಗ ನಾನು ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದೆ. ಕೈ ಅಲ್ಲಿಗೇ ನಿಂತಿತು.

“ಮನೆ ನೆಲದ ಮೇಲಲ್ವಾ ಇರುವುದು? ಮತ್ತೆ ಬೇರೆ ಹೇಗೆ ಆಗ್ತದೆ?” ಎಂದು ಕೇಳಿದೆ.

“ನೆಲದ ಮೇಲೆ ಇರ್ತದೆ ಅಕ್ಕ. ಆದ್ರೆ ನೆಲಕ್ಕೆ ಸೇರಿದ್ದಲ್ಲ,” ಎಂದಳು.

ಜಾವಾ ದ್ವೀಪದ ಅವಳ ಹಳ್ಳಿಯಲ್ಲಿ ನೆಲ ಒಬ್ಬರದು, ಅದರ ಮೇಲಿನ ಮರದ ಮನೆ ಇನ್ನೊಬ್ಬರದು, ಅಂಗಳದ ತೆಂಗಿನ ಮರ ಮತ್ತೊಬ್ಬರದು ಆಗಿರಬಹುದಂತೆ. ಅವಳ ಚಿಕ್ಕಮ್ಮ ತನ್ನ ಹಿತ್ತಿಲನ್ನು ಮಾರಿ ಎಷ್ಟೋ ಕಾಲವಾಗಿದ್ದರೂ ಅದರಲ್ಲಿದ್ದ ಒಂದು ತೆಂಗಿನ ಮರವನ್ನು ಮಾರಿರಲಿಲ್ಲ. ಈಗಲೂ ಕಾಯಿ ಬೇಕಾದಾಗ ಹೋಗಿ ಕೀಳಿಸಿಕೊಂಡು, ಆ ಮನೆಯವರು ಕೊಟ್ಟ ಚಹಾ ಕುಡಿದು, ಸುದ್ದಿ ಹೇಳಿ ಬರುತ್ತಾಳಂತೆ. ನಮ್ಮ ಊರಿನಲ್ಲಾಗಿದ್ದರೆ ಆ ಮರ ಇಷ್ಟು ಹೊತ್ತಿಗೆ ಕೋರ್ಟಿನಲ್ಲಿ ಇರುತ್ತಿತ್ತು ಎಂದು ನಾನು ಹೇಳಿದೆ. ಅವಳು ನಕ್ಕಳು, ಆದರೆ ನಾನು ತಮಾಷೆ ಮಾಡಿರಲಿಲ್ಲ.

ನಾವು ದುಬೈಯ ಡಿಸ್ಕವರಿ ಗಾರ್ಡನ್ಸ್‌ನ ಒಂದು ಫ್ಲಾಟಿನಲ್ಲಿ ಒಟ್ಟಿಗೆ ಇದ್ದೆವು. ನನ್ನ ಗಂಡನಿಗೆ ಅಬುಧಾಬಿಯ ಆಚೆ, ದೂರದ ರುವೈಸ್‌ನಲ್ಲಿ ಕೆಲಸ; ಅಲ್ಲಿ ಕಂಪೆನಿಯ ವಸತಿ, ವಾರಾಂತ್ಯಕ್ಕೆ ಮಾತ್ರ ಇಲ್ಲಿಗೆ ಬರುವುದು. ನನಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಕೆಲಸ. ಆಫೀಸುಗಳಿಗೆ, ಹೋಟೆಲುಗಳಿಗೆ ಊಟ ಕಳಿಸುವ ದೊಡ್ಡ ಅಡುಗೆಮನೆ ಅದು. ಹೊರಡುವ ಊಟದಲ್ಲಿ ಥರ್ಮಾಮೀಟರ್ ಚುಚ್ಚಿ, ಬಿಸಿ ಸರಿಯಿದೆಯೇ ನೋಡಿ ಸಹಿ ಹಾಕುವವಳು ನಾನು. ಅವಳು ಅಲ್ಲಿಯೇ ಕೇಕಿನ ವಿಭಾಗದಲ್ಲಿದ್ದಳು. ನಮಗೆ ಒಂದು ಕೋಣೆ ಹೆಚ್ಚಿತ್ತು, ಅವಳಿಗೆ ಯಾರು ಯಾರದೋ ನಡುವೆ ಒಂದು ಮಂಚ ಮಾತ್ರ ಬಾಡಿಗೆಗೆ ಹಿಡಿಯುವ ಬೆಡ್‌ಸ್ಪೇಸಿನ ಬದುಕು ಸಾಕಾಗಿತ್ತು. ಹೀಗೆ ನಾನು, ನನ್ನ ಮಗಳು, ಅವಳು, ಮೂವರೂ ಒಂದೇ ಅಡುಗೆಮನೆಗೆ ಬಂದು ಸೇರಿದೆವು.

ನಮ್ಮಿಬ್ಬರ ಮಾತು ಇಂಗ್ಲಿಷ್, ಹಿಂದಿ ಎಲ್ಲ ಕಲಸಿದ್ದು. ಮಧ್ಯೆ ಮಧ್ಯೆ ಅರಬ್ಬಿಯ ಯಲ್ಲಾ, ಖಲಾಸ್. ಆದರೆ ನನ್ನ ನೆನಪಿನಲ್ಲಿ ಅವಳು ನಮ್ಮ ಉಡುಪಿ ಕಡೆಯ ಕನ್ನಡದಲ್ಲೇ ಮಾತಾಡುತ್ತಾಳೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ನನ್ನನ್ನು ಅಕ್ಕ ಎಂದು ಕರೆಯಲು ಅವಳಿಗೆ ಕಲಿಸಿದ್ದು ನನ್ನ ಮಗಳು. ಆ ಮಹಾರಾಯ್ತಿ ತಾನು ಕನ್ನಡ ಮಾತಾಡುವುದು ಮಾತ್ರ ಏನಾದರೂ ಬೇಕಾದಾಗ.

ಅವಳಿಗೆ ಮದುವೆಯಾಗಿ, ಅದು ಮುರಿದೂ ಆಗಿತ್ತು. ಮಕ್ಕಳಿರಲಿಲ್ಲ. ಬೇರೆಯಾಗುವಾಗ ಪಾಲು ಹೇಗಾಯಿತು ಎಂದು ಕೇಳಿದ್ದೆ. ಇಂಥದ್ದನ್ನು ಕೇಳದೆ ಬಿಡುವ ಜಾತಿಯಲ್ಲ ನಾನು. ಮದುವೆಗೆ ಯಾರು ಏನು ತಂದರೋ ಅದು ಅವರಿಗೇ, ಮದುವೆಯಾದ ಮೇಲೆ ಇಬ್ಬರೂ ದುಡಿದು ಮಾಡಿದ್ದರಲ್ಲಿ ಇಬ್ಬರಿಗೂ ಪಾಲು, ಇದು ಅವರ ಕಡೆಯ ಕ್ರಮ. ಆಡುಗಳು ಮತ್ತು ಹೊಲಿಗೆ ಯಂತ್ರ ಇವಳಿಗೆ ಬಂದವು, ಬೈಕು ಮತ್ತು ಗೂಡಂಗಡಿ ಅವನಿಗೆ ಹೋದವು.

“ಜಗಳ ಆಗ್ಲಿಲ್ವಾ?”

“ಜಗಳ ಮೊದಲೇ ಆಗಿತ್ತಲ್ಲ ಅಕ್ಕ, ಅದಕ್ಕೇ ಬಿಟ್ಟದ್ದು. ಪಾಲು ಮಾಡುವಾಗ ಮತ್ತೆ ಎಂತಕ್ಕೆ?”

ಅಪ್ಪ ತೀರಿಕೊಂಡ ಮೇಲೆ ಗದ್ದೆಯನ್ನು ಅಣ್ಣನಿಗೂ ಇವಳಿಗೂ ಸಮ ಮಾಡಿ ಹಂಚಿದ್ದರು. ಹೆಣ್ಣು ಗಂಡೆಂದು ಹೆಚ್ಚುಕಡಿಮೆ ಇರಲಿಲ್ಲ. ಇವಳಿಗೆ ಬಂದದ್ದು ನಮ್ಮಲ್ಲಿ ಮಜಲು ಗದ್ದೆ ಎನ್ನುತ್ತೇವಲ್ಲ, ತೀರ ಮೇಲೂ ಅಲ್ಲದ ತೀರ ಕೆಳಗೂ ಅಲ್ಲದ ಗದ್ದೆ, ಅಂಥದ್ದು. ಅದರ ಪಕ್ಕ, ರಸ್ತೆಯ ಬದಿಗೆ, ನೀರು ಹತ್ತದ ಒಂದು ಒಣ ತುಂಡೂ ಸೇರಿತ್ತು. ಗದ್ದೆಯನ್ನು ದೂರದ ಸಂಬಂಧಿಯೊಬ್ಬ ಮಾಡುತ್ತಿದ್ದ. ಬೆಳೆಯಲ್ಲಿ ಅರ್ಧ ಅವನಿಗೆ, ಅರ್ಧ ಇವಳಿಗೆ. ನಾಟಿಯಾದ ದಿನ, ತೆನೆ ಬಂದ ದಿನ, ಇಲಿ ಹೊಡೆದ ದಿನ ಎಲ್ಲ ಫೋನಿಗೆ ಫೋಟೋ ಬರುತ್ತಿತ್ತು. ಮೆಟ್ರೋದಲ್ಲಿ ನಿಂತುಕೊಂಡು ಅವಳು ಆ ಫೋಟೋಗಳನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಳು.

ಜಾಗದ ವಿಷಯದಲ್ಲಿ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದಕ್ಕೆ ಕಾರಣವಿದೆ. ನಮ್ಮಲ್ಲಿ ಮನೆ, ಜಾಗ ಹೆಣ್ಣಿನ ಕಡೆಯಿಂದ ಇಳಿದು ಬರುವುದು ಎಂದು ಹೆಸರು. ಆದರೆ ನನ್ನ ಅಮ್ಮನ ಕುಟುಂಬದ ಮೂಲಮನೆ, ತರವಾಡಿನ ಪಾಲುಪಟ್ಟಿ ಆದ ದಿನ ಅಮ್ಮ, ಚಿಕ್ಕಮ್ಮಂದಿರೆಲ್ಲ ಅಡುಗೆ ಕೋಣೆಯಲ್ಲಿ ಬಂದವರಿಗೆ ಬಡಿಸುತ್ತಿದ್ದರು. ಜಗಲಿಯಲ್ಲಿ ಕೂತು ಗಡಿ ಗುರುತಿಸಿದವರೆಲ್ಲ ಸೋದರಮಾವಂದಿರು. ಅಮ್ಮನಿಗೆ ಬಂದದ್ದು ಬಾವಿಯ ಆಚೆಗಿನ, ಏನೂ ಬೆಳೆಯದ ಕಲ್ಲುಪಾರೆ. “ಎಲ್ಲರೂ ಚೆಂದ ಇರ್ಲಿ,” ಎಂದಿದ್ದರು ಅಮ್ಮ. ಯಾರಾದರೂ ಹೀಗೆ ದೊಡ್ಡ ಮನಸ್ಸು ಮಾಡಿ ಮಾತಾಡಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಇನ್ನೂ ಪಾಲಾಗದೆ ಉಳಿದದ್ದು ಅವಳ ಅಮ್ಮ ಇದ್ದ ಮನೆ ಮತ್ತು ಅದರ ಹಿತ್ತಿಲು. ಅವರ ಹಳ್ಳಿಯಲ್ಲಿ ಮನೆ ಬರುವುದು ಸಾಮಾನ್ಯವಾಗಿ ಕೊನೆಯ ಮಗಳಿಗೆ, ಕೊನೆಯ ತನಕ ಅಮ್ಮನನ್ನು ನೋಡಿಕೊಳ್ಳುವವಳು ಅವಳೇ ಎಂಬ ಲೆಕ್ಕದಲ್ಲಿ. ಕೊನೆಯ ಮಗಳು ಇವಳೇ. ಆದರೆ ಇವಳು ಇದ್ದದ್ದು ದುಬೈಯಲ್ಲಿ, ಕೇಕಿನ ಮೇಲೆ ಕ್ರೀಮು ಬಳಿಯುತ್ತ. ಅಮ್ಮನ ಜೊತೆ ಇದ್ದವರು ಅಣ್ಣ ಮತ್ತು ಅತ್ತಿಗೆ. ಅಣ್ಣ ತನ್ನ ಪಾಲಿನ ಗದ್ದೆಯನ್ನು ಮಕ್ಕಳ ಓದಿಗೆಂದು ಮಾರಿ ಲಾರಿ ಓಡಿಸುತ್ತಿದ್ದ. ಮನೆಯೊಂದು ಬಿಟ್ಟರೆ ಅವರಿಗೂ ಬೇರೇನೂ ಇರಲಿಲ್ಲ.

ಈ ವೀಸಾ ಮುಗಿದ ಮೇಲೆ ಖಲಾಸ್, ಊರಿಗೆ ಹೋಗಿ ಅಮ್ಮನ ಜೊತೆ ಇರುವುದು ಎಂದು ಅವಳು ನಿಶ್ಚಯ ಮಾಡಿದ್ದಳು. ಅವಳ ಮಾತೆಲ್ಲ ಅದರದ್ದೇ. ಅಮ್ಮನ ಮಂಚ ಯಾವ ಗೋಡೆಗೆ, ತನ್ನದು ಯಾವ ಗೋಡೆಗೆ, ಒಲೆ ಎಲ್ಲಿ, ಓವನ್ ಎಲ್ಲಿ. ಮುಂಬಾಗಿಲ ಪಕ್ಕದ ಕಿಟಕಿಯಲ್ಲಿ ಊರಿನ ಮಕ್ಕಳಿಗೆ ಕೇಕು ಮಾರುವುದು. ನಮ್ಮ ಕೆಲಸದ ಕಡೆಯ ಹಾರ್ಡ್‌ವೇರ್ ಅಂಗಡಿಯಿಂದ, ಬಚ್ಚಲಿನಲ್ಲಿ ಅಮ್ಮ ಹಿಡಿದುಕೊಳ್ಳಲೆಂದು ಸ್ಟೀಲಿನ ಹಿಡಿಯೊಂದನ್ನೂ ತಂದು ಮಂಚದಡಿ ಇಟ್ಟಿದ್ದಳು. ಅವಳಿಗೆ ಬೇಕಾದದ್ದು ಅಮ್ಮನಿರುವ ಆ ಮನೆ, ಅಷ್ಟೇ.

ಆ ಹೊತ್ತಿಗೇ ಸುದ್ದಿ ಬಂತು. ಅವಳ ಅಮ್ಮ ತಾವು ಬದುಕಿರುವಾಗಲೇ ಮನೆಯ ವಿಷಯ ಮುಗಿಸಬೇಕೆಂದು ಹೇಳಿದ್ದಾರೆ, ನೆರೆಯವರನ್ನೆಲ್ಲ ಕರೆದು ಒಂದು ಊಟ ಮಾಡುತ್ತಾರೆ, ಇವಳು ವೀಡಿಯೋದಲ್ಲಿ ಕೂರಬೇಕು.

“ನೋಡು, ಹೆದರಬೇಡ,” ಎಂದು ನಾನು ಸೆರಗು ಸಿಕ್ಕಿಸಿದೆ. “ಮನೆ ನಂದು, ಕ್ರಮ ಪ್ರಕಾರ ನಂದು, ಅಣ್ಣ ಅತ್ತಿಗೆ ಬೇಕಾದ್ರೆ ಒಟ್ಟಿಗೆ ಇರ್ಲಿ, ಅಂತ ಸೀದಾ ಹೇಳಿಬಿಡು. ಹಲ್ಲು ಕಿರಿದುಕೊಂಡು ಕೂರಬೇಡ.”

“ಹೂಂ,” ಎಂದಳು.

“ಹೂಂ ಅಲ್ಲ. ಒಮ್ಮೆ ಹೇಳಿ ತೋರಿಸು.”

ಅವಳು ನಿಜವಾಗಿಯೂ ಹೇಳಿ ತೋರಿಸಿದಳು. ವಾರವಿಡೀ ನಾನು ಅವಳ ಹಿಂದೆ ಬಿದ್ದಿದ್ದೆ. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಬಟ್ಟೆ ಒಣಹಾಕುವಾಗ. ನನ್ನ ಅಮ್ಮನಿಗೆ ಯಾರೂ ಹೇಳಿಕೊಡದ್ದನ್ನೆಲ್ಲ ನಾನು ಇವಳಿಗೆ ಹೇಳಿಕೊಟ್ಟೆ.

ಊಟದ ಭಾನುವಾರ ಅವಳು ಬೆಳಿಗ್ಗೆ ಎದ್ದು ನಮ್ಮ ಅಡುಗೆಮನೆಯಲ್ಲೂ ಅಡುಗೆಗೆ ತೊಡಗಿದಳು. ತೆಂಗಿನಹಾಲು, ಅರಿಶಿನ ಹಾಕಿ ಬೇಯಿಸಿದ ಅನ್ನವನ್ನು ಗೋಪುರದ ಹಾಗೆ ಮಾಡಿ, ಸುತ್ತ ಕೋಳಿ, ಮೊಟ್ಟೆ, ತೆಂಗಿನತುರಿ ಬೆರೆಸಿದ ಸೊಪ್ಪು ಜೋಡಿಸಿದಳು. ಅಲ್ಲಿ ಅವಳ ಅಮ್ಮನ ಮನೆಯಲ್ಲೂ ಇದೇ ಅಡುಗೆ. ಅವರಲ್ಲಿ ಇಂಥ ತೀರ್ಮಾನಕ್ಕೆ ಸಾಕ್ಷಿ ಎಂದರೆ ಈ ಅನ್ನವಂತೆ. ಸುತ್ತಲಿನ ಮನೆಯವರು ಬಂದು, ಪ್ರಾರ್ಥನೆಗೆ ಆಮೀನ್ ಹೇಳಿ, ಅನ್ನ ತಿಂದರೆ ತೀರ್ಮಾನ ಗಟ್ಟಿ. ಆಮೇಲೆ ಪಡೆದವರೇ ಬಿಟ್ಟುಕೊಟ್ಟರೆ ಹೊರತು ಯಾರೂ ಅದನ್ನು ಕೆದಕುವಂತಿಲ್ಲ. ತಾನು ಇಲ್ಲಿರುವುದರಿಂದ ತನ್ನ ಕಡೆಯ ನೆರೆಯವರು ನಾವೇ ಎಂದಳು.

ಹಾಗಾಗಿ ರುವೈಸ್‌ನಿಂದ ಬಂದಿದ್ದ ಇವರು, ಮಗಳು, ಎದುರು ಫ್ಲಾಟಿನ ಮಲಯಾಳಿ ನರ್ಸ್, ಕಟ್ಟಡದ ಕಾವಲು ನೋಡುವ ಪಠಾಣ ಚಾಚಾ, ಎಲ್ಲರೂ ನಮ್ಮ ಹಾಲ್‌ನಲ್ಲಿ ಚಾಪೆ ಹಾಸಿ ಕೂತೆವು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿದ್ದಳು. ಅದರೊಳಗೆ ಆ ಮನೆ ಕಾಣುತ್ತಿತ್ತು. ತೇಗದ ದಪ್ಪ ಕಂಬಗಳು, ಮೇಲೆ ನಮ್ಮ ಮಂಗಳೂರು ಹಂಚಿನ ತಮ್ಮನಂಥ ಸಣ್ಣ ಹಂಚು. ಮಧ್ಯದಲ್ಲಿ ಅವಳ ಅಮ್ಮ, ಪಕ್ಕದಲ್ಲಿ ಅಣ್ಣ, ಹಿಂದೆ ಬಾಗಿಲ ಹತ್ತಿರ ಅತ್ತಿಗೆ ಕೂತಿದ್ದರು. ಸೊಂಟದ ಮೂಳೆ ಮುರಿದ ಮೇಲೆ ಅಮ್ಮ ಕುರ್ಚಿಯಲ್ಲೇ ಕೂರುವುದು. ಒಬ್ಬ ಹಿರಿಯರು ಪ್ರಾರ್ಥನೆ ಹೇಳಿದರು. ಎಲ್ಲರೂ ಆಮೀನ್ ಎಂದರು. ಇವರೂ ಗಂಭೀರವಾಗಿ ಆಮೀನ್ ಎಂದರು.

ಆಮೇಲೆ ಇವಳು ಮಾತಾಡಿದಳು. ಅವಳ ಭಾಷೆಯಲ್ಲಿ, ಮೆಲ್ಲಗೆ, ತಲೆ ಬಗ್ಗಿಸಿ, ಬಹಳ ಹೊತ್ತು. ನನಗೆ ಒಂದಕ್ಷರ ತಿಳಿಯಲಿಲ್ಲ, ಆದರೆ ನಾನು ಕಲಿಸಿದ್ದಕ್ಕಿಂತ ಉದ್ದವಾಗಿತ್ತು, ಹಾಗಾಗಿ ಖುಷಿಯಾಯಿತು. ಅವಳ ಅಮ್ಮ ತಲೆಯಾಡಿಸುತ್ತಿದ್ದರು. ಅತ್ತಿಗೆ ಮುಖಕ್ಕೆ ಬಟ್ಟೆ ಮುಚ್ಚಿಕೊಂಡು ಅತ್ತಳು. ಅಳಲಿ, ಎಂದುಕೊಂಡೆ ನಾನು, ನ್ಯಾಯ ನ್ಯಾಯವೇ. ಮತ್ತೆ ಆಮೀನ್ ಆಯಿತು. ಇವಳು ಗೋಪುರದ ತುದಿಯನ್ನು ಮುರಿದು ಎಲ್ಲರಿಗಿಂತ ಮೊದಲು ನನ್ನ ತಟ್ಟೆಗೆ ಹಾಕಿದಳು. ಅಂಥ ರುಚಿಯ ಅನ್ನ ನಾನು ತಿಂದಿರಲಿಲ್ಲ. ಕೇಳಿ ಮತ್ತೊಮ್ಮೆ ಬಡಿಸಿಕೊಂಡೆ. ಕೋಳಿಯ ಎಲುಬು ಚೀಪುತ್ತ ಕೇಳಿದೆ.

“ಆಯ್ತಲ್ಲ? ಮನೆ ಬಂತಾ?”

“ಬಂತು ಅಕ್ಕ. ಅತ್ತಿಗೆಗೆ.”

ನಾನು ಎಲುಬನ್ನು ತಟ್ಟೆಗೆ ಹಾಕಿದೆ. “ಎಂತ? ಎಂತ ಹೇಳಿದೆ ನೀನು?”

“ಮನೆ, ಹಿತ್ತಿಲು ಎರಡೂ ಅತ್ತಿಗೆಗೆ ಅಂತ ನಾನೇ ಹೇಳಿದೆ. ಅಮ್ಮ ಒಪ್ಪಿದ್ರು.”

“ತಲೆ ಸರಿ ಉಂಟಾ ನಿಂಗೆ? ಒಂದು ವಾರ ನಾನು ಬಾಯಿ ಬಡ್ಕೊಂಡದ್ದು ಎಂತಕ್ಕೆ? ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು?”

“ಹೇಳಿದ್ರೆ ನೀವು ಅನ್ನ ತಿಂತಿರಲಿಲ್ಲ,” ಎಂದಳು.

ಇವರಿಗೆ ನಗು ತಡೆಯಲಾಗಲಿಲ್ಲ. “ಒಮ್ಮೆ ಅಲ್ಲ, ಎರಡು ಸಲ ಬಡಿಸಿಕೊಂಡು ತಿಂದಿದ್ದೀ ಮಾರಾಯ್ತಿ. ಇನ್ನು ನೀನು ಬಾಯಿ ತೆರೆಯುವ ಹಾಗಿಲ್ಲ,” ಎಂದರು. ಪಠಾಣ ಚಾಚಾನಿಗೆ ವಿಷಯ ಗೊತ್ತಾಗಲಿಲ್ಲ. ತಾನು ಜಾವಾದ ಒಂದು ಹಿತ್ತಿಲಿಗೆ ಸಾಕ್ಷಿಯಾಗಿದ್ದೇನೆಂದು ತಿಳಿಯದೆ, ಒಂದು ಡಬ್ಬಿ ತುಂಬ ಅನ್ನ ಕಟ್ಟಿಸಿಕೊಂಡು, ದುವಾ ಮಾಡಿ ಹೋದ.

ಸಂಜೆ ಪಾತ್ರೆ ತೊಳೆಯುವಾಗಲೂ ನಾನು ಅವಳ ಜೊತೆ ಮಾತಾಡಲಿಲ್ಲ. ಅವಳೇ ಪಕ್ಕದಲ್ಲಿ ನಿಂತು ಒರೆಸುತ್ತ ಹೇಳಿದಳು. “ಅಮ್ಮನನ್ನು ನೋಡಿಕೊಳ್ಳುವ ಮಗಳಿಗೆ ಮನೆ, ಅದು ಕ್ರಮ. ಅಮ್ಮ ಏಳ್ಲಿಕ್ಕೆ ಆಗದೆ ಇದ್ದಾಗ ಎತ್ತಿಕೊಂಡು ಹೋಗಿ ಸ್ನಾನ ಮಾಡಿಸಿದ್ದು ಅತ್ತಿಗೆ. ತಲೆ ಬಾಚುವುದು ಅತ್ತಿಗೆ. ಆ ಮಗಳು ನಾನಲ್ಲ ಅಕ್ಕ, ಅವರು.”

“ಮತ್ತೆ ನೀನು ಹೋಗಿ ಎಲ್ಲಿ ಇರುವುದು?”

“ಒಂದು ಕೋಣೆ ಕೊಡ್ತಾರೆ. ಅಮ್ಮ ಇರ್ತಾರಲ್ಲ.”

ನನಗೆ ಅಳು ಬಂತು. ಬಾವಿಯಾಚೆಯ ಕಲ್ಲುಪಾರೆಯನ್ನು ಒಪ್ಪಿಕೊಂಡ ನನ್ನ ಅಮ್ಮನನ್ನು ಬೈದ ಹಾಗೆಯೇ ಇವಳನ್ನೂ ಬೈದೆ. ಪಾತ್ರೆ ತಿಕ್ಕಿದ್ದೂ ಸ್ವಲ್ಪ ಜೋರಾಯಿತು.

ಆದರೆ ವಿಷಯ ಅಲ್ಲಿಗೆ ನಿಲ್ಲಲಿಲ್ಲ. ಕೆಲವು ದಿನಗಳಲ್ಲೇ ಅಣ್ಣನ ಫೋನು ಬಂತು. ಅತ್ತಿಗೆ ಒಪ್ಪುತ್ತಿಲ್ಲ. ತಾನು ದಿನಾ ಗುಡಿಸಿದ ನೆಲ ತನಗಿರಲಿ, ಆದರೆ ಮನೆಯನ್ನು ಮಾವ ತಾವೇ ನೆಟ್ಟ ತೇಗದ ಮರಗಳನ್ನು ಕಡಿಸಿ ಕಟ್ಟಿಸಿದ್ದು, ಆ ಮರ ಅವರ ಮಗಳಿಗೇ ಸೇರಬೇಕು ಎಂದು ಹಟ ಹಿಡಿದಿದ್ದಾಳೆ. ರಸ್ತೆ ಬದಿಯ ಆ ಒಣ ತುಂಡು ಇದೆಯಲ್ಲ, ಮನೆಯನ್ನು ಅಲ್ಲಿಗೆ ಒಯ್ಯಲಿ. ತಾವು ಇಲ್ಲಿ ಇಟ್ಟಿಗೆಯ ಮನೆ ಕಟ್ಟಿಕೊಳ್ಳುತ್ತೇವೆ, ಹೇಗೂ ಈಗಿನ ಮಕ್ಕಳಿಗೆ ಅದೇ ಇಷ್ಟ.

“ಒಯ್ಯುವುದು ಅಂದ್ರೆ? ಮನೆಯನ್ನಾ?”

“ಹೌದು ಅಕ್ಕ. ಮನೆ ಬೇರೆ, ನೆಲ ಬೇರೆ ಅಂತ ಹೇಳಿದ್ದೆನಲ್ಲ.”

ನನಗೆ ಆ ಅತ್ತಿಗೆಯ ಮೇಲೆ ಇದ್ದ ಸಿಟ್ಟೆಲ್ಲ ಇಳಿದುಹೋಯಿತು. ಎದುರಾಎದುರು ಕಂಡೇ ಇರದ ಒಬ್ಬಳ ಮೇಲೆ ಅಷ್ಟು ದಿನ ಹಲ್ಲು ಕಡಿದಿದ್ದೆ, ಈಗ ಅವಳ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ನೆಲವೂ ಸರಿಯಾಯಿತು, ಮನೆಯೂ ಸರಿಯಾಯಿತು, ಯಾರ ಮನಸ್ಸೂ ಕೆಡಲಿಲ್ಲ. ಈ ಹೊಸ ತೀರ್ಮಾನಕ್ಕೂ ಅಲ್ಲಿ ಮತ್ತೊಮ್ಮೆ ಊರನ್ನು ಕರೆದು ಅನ್ನ ಬಡಿಸಿದರು. ನಮ್ಮ ಮಾವಂದಿರಿಗೆ ಈ ಹಳ್ಳಿಯಲ್ಲಿ ಆರು ತಿಂಗಳ ಟ್ರೈನಿಂಗ್ ಕೊಡಿಸಬೇಕು ಎಂದೆ ಇವರ ಹತ್ತಿರ. ಅವಳಂತೂ ಕೇಕಿನ ವಿಭಾಗದಲ್ಲಿ ಹಾಡಿಕೊಂಡೇ ಕೆಲಸ ಮಾಡುತ್ತಿದ್ದಳು.

ಮನೆ ಹೊರಟ ದಿನವೂ ಭಾನುವಾರವೇ; ನಾವು ಮತ್ತೆ ಫೋನಿನ ಮುಂದೆ ಕೂತೆವು. ಹಂಚು, ಹಲಗೆಯ ಗೋಡೆ ಎಲ್ಲ ಮೊದಲೇ ಇಳಿಸಿ ಒಯ್ದಿದ್ದರು. ಉಳಿದದ್ದು ಕಂಬ, ತೊಲೆ, ಹಂಚು ಹೊರುವ ಮಾಡಿನ ಚೌಕಟ್ಟು. ಅದಕ್ಕೆ ಮೊಳೆಯಿಲ್ಲ, ಎಲ್ಲ ಮರದ ಬೆಣೆಯಲ್ಲಿ ನಿಂತದ್ದು. ಕಂಬಗಳು ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದವು. ಕಂಬಗಳಿಗೆ ಬಿದಿರು ಕಟ್ಟಿ ಊರಿನ ಗಂಡಸರೆಲ್ಲ ಹೆಗಲು ಕೊಟ್ಟರು. ಯಾರಿಗೂ ಕೂಲಿಯಿಲ್ಲ, ಮುಂದೆ ಅವರ ಮನೆ ಕೆಲಸಕ್ಕೆ ಇವರು ಹೋದರಾಯಿತು. ಒಬ್ಬರು ಕೂಗಿ ತಾಳ ಕೊಟ್ಟರು, ಎಲ್ಲರೂ ಒಮ್ಮೆಲೇ ಎತ್ತಿದರು. ಕೊಯ್ಲಾದ ಗದ್ದೆಯ ನಡುವೆ ಮನೆ ನಡೆದುಕೊಂಡು ಹೋಯಿತು. ಕೆಳಗೆ ಕೆಸರು ಮೆತ್ತಿದ ಕಾಲುಗಳು, ಮೇಲೆ ಮಾಡು. ಹಿಂದೆ ಕೋಳಿಗಳು ಓಡುತ್ತಿದ್ದವು.

“ಅಮ್ಮ, ದ ಹೌಸ್ ಈಸ್ ವಾಕಿಂಗ್!” ಎಂದು ಮಗಳು ಕಿರುಚಿದಳು. ಮನೆಯ ಒಡತಿ ನನ್ನ ಪಕ್ಕದಲ್ಲಿ ಕೂತು, ನನ್ನ ಕೈ ಹಿಡಿದುಕೊಂಡು ಬಿಟ್ಟೇ ಇರಲಿಲ್ಲ. ಮನೆಯನ್ನು ಹೊಸ ಕಲ್ಲುಗಳ ಮೇಲೆ ಇಳಿಸಿ, ಕಂಬ ನೇರವಾಗಿದೆಯೇ ನೋಡಿ, ಎಲ್ಲರೂ ಚಪ್ಪಾಳೆ ಹೊಡೆದರು. ನಾವೂ ಹೊಡೆದೆವು.

ಆಮೇಲೆ ಅಣ್ಣ ಫೋನು ಹಿಡಿದುಕೊಂಡು, ಅಮ್ಮನನ್ನು ಕರೆತರಲು ಹಳೆಯ ಹಿತ್ತಿಲಿಗೆ ಹೋದ. ಅಲ್ಲಿ ಮನೆಯಿದ್ದ ಜಾಗ ಬೋಳಾಗಿತ್ತು. ಮುಂಬಾಗಿಲು ಇದ್ದ ಕಡೆ ಕುರ್ಚಿ ಹಾಕಿಕೊಂಡು ಅಮ್ಮ ಕೂತಿದ್ದರು. ಪಕ್ಕದಲ್ಲಿ ಅತ್ತಿಗೆ ನಿಂತಿದ್ದಳು. ಬಾ ಅಮ್ಮ, ಮನೆ ಮುಟ್ಟಿತು ಎಂದು ಅಣ್ಣ ಹೇಳಿದ್ದಿರಬೇಕು. ಅಮ್ಮ ನಗುತ್ತಲೇ ಏನೋ ಹೇಳಿದರು. ಅಣ್ಣ ಮತ್ತೆ ಕೇಳಿದ. ಅವರು ಕೋಲಿನಿಂದ ನೆಲ ತೋರಿಸಿ, ಮತ್ತೆ ಅದನ್ನೇ ಹೇಳಿದರು. ಅತ್ತಿಗೆ ಗಾಬರಿಯಾಗಿ ಅವರ ತೋಳು ಹಿಡಿದು ಎಬ್ಬಿಸಲು ನೋಡಿದಳು. ಅವರು ಏಳಲಿಲ್ಲ.

ಇವಳು ನನ್ನ ಕೈ ಬಿಟ್ಟು ಫೋನಿನ ಹತ್ತಿರಕ್ಕೆ ಬಗ್ಗಿದಳು.

“ಎಂತ ಹೇಳಿದ್ರು?” ಎಂದೆ.

“ಬರುವುದಿಲ್ಲ ಅಂತೆ. ನಾವು ಹುಟ್ಟಿದಾಗ ಹೊಕ್ಕುಳಬಳ್ಳಿಯ ಜೊತೆ ಬಿದ್ದ ಮಾಸನ್ನು ಆ ಬಾಗಿಲ ಹತ್ತಿರ ಹೂಳಿ ದೀಪ ಇಟ್ಟದ್ದು. ಅದನ್ನು ಬಿಟ್ಟು ಎಲ್ಲಿಗೆ ಬರಲಿ ಅಂತಾರೆ. ಮತ್ತೆ ಸ್ನಾನ ಮಾಡಿಸುವವಳು ಇಲ್ಲಿರುವಾಗ ಅಲ್ಲಿ ಎಂತ ಮಾಡಲಿ ಅಂತ.”

ಅಷ್ಟೆಲ್ಲ ಜನ ಸೇರಿ, ಅಷ್ಟೆಲ್ಲ ಮಾತಾಡಿ, ನೆಲಕ್ಕೂ ಮರಕ್ಕೂ ನ್ಯಾಯ ಮಾಡಿದ್ದರು. ಅಮ್ಮ ಎಲ್ಲಿರುತ್ತಾರೆ ಎಂದು ಮಾತ್ರ ಒಬ್ಬರೂ ಕೇಳಿರಲಿಲ್ಲ. ಮಗಳೋ ಸೊಸೆಯೋ ಎಂದು ಅಮ್ಮನನ್ನು ಎದುರಿಗೆ ಕೇಳುವುದು ಅವರಲ್ಲಿ ಮಹಾ ಅಸಭ್ಯವಂತೆ. ಹಾಗಾಗಿ ಎಲ್ಲರೂ ಮರ್ಯಾದೆಗೆ ಸುಮ್ಮನಿದ್ದರು. ಅಮ್ಮ ಮನೆಯ ಜೊತೆಗೇ ಬರುತ್ತಾರೆ ಎಂದು ಇವಳು ತಿಳಿದಿದ್ದಳು. ಅತ್ತಿಗೆಯೂ ಹಾಗೆಯೇ ತಿಳಿದಿದ್ದಳು. ಬಾಯಿ ಬಿಟ್ಟು ಕೇಳುವ ಚಟವಿರುವ ನನಗೂ ಅದೊಂದು ಹೊಳೆಯಲಿಲ್ಲ.

“ಹಾಗಾದ್ರೆ ಮನೆ ವಾಪಸ್ ತಂದು ಇಡ್ಲಿ,” ಎಂದೆ ನಾನು. “ಹೊತ್ತವರು ಇನ್ನೂ ಅಲ್ಲೇ ಇದ್ದಾರಲ್ಲ, ಚಹಾ ಕುಡಿದು ಮತ್ತೊಮ್ಮೆ ಎತ್ತಲಿ.”

“ಆಗುವುದಿಲ್ಲ ಅಕ್ಕ. ಈ ತೀರ್ಮಾನಕ್ಕೂ ಊರಿಡೀ ಅನ್ನ ತಿಂದಾಗಿದೆ. ಮೂರನೇ ಸಲ ಯಾವ ಮುಖದಲ್ಲಿ ಕರೆಯುವುದು?” ಮತ್ತೆ ತಾನೇ ಹೇಳಿದಳು. “ನಾನು ಹೋದ ಮೇಲೆ ಬರ್ತಾರೆ. ನಾನೇ ಅಲ್ಲಿದ್ದು, ನಾನೇ ಸ್ನಾನ ಮಾಡಿಸ್ತೇನೆ ಅಂದ್ರೆ ಬರದೆ ಇರ್ತಾರಾ?”

“ಬರದೆ ಎಲ್ಲಿ ಹೋಗ್ತಾರೆ,” ಎಂದೆ. ಆ ಹೊತ್ತಿಗೆ ಬೇರೆ ಏನು ಹೇಳಲೂ ನನಗೆ ಮನಸ್ಸಾಗಲಿಲ್ಲ.

ವೀಸಾ ಕ್ಯಾನ್ಸಲ್ ಆಗುವವರೆಗಿನ ತಿಂಗಳುಗಳಲ್ಲಿ ಅವಳು ಆ ಮಾತನ್ನೇ ಹಿಡಿದುಕೊಂಡಿದ್ದಳು. ಅಮ್ಮನಿಗೆ ಮೆತ್ತಗಿನ ಹಾಸಿಗೆ ಹೊದಿಕೆ ಕೊಂಡಳು. ಇಲ್ಲಿಂದಲೇ ಹೇಳಿ ಬಚ್ಚಲಿಗೆ ಜಾರದ ಟೈಲ್ಸ್ ಹಾಕಿಸಿದಳು. ಸೂಟ್‌ಕೇಸಿನಲ್ಲಿ ತನಗೆಂದು ಇದ್ದದ್ದು ಕೇಕಿನ ಅಚ್ಚುಗಳು ಮಾತ್ರ, ಉಳಿದದ್ದೆಲ್ಲ ಅಮ್ಮನದು. ಏರ್‌ಪೋರ್ಟಿನಲ್ಲಿ ಇವರು ಟ್ರಾಲಿ ತಳ್ಳುತ್ತಿದ್ದರು. ನಾನು ಅವಳನ್ನು ಅಪ್ಪಿಕೊಂಡು, “ಅಮ್ಮ ಮನೆಗೆ ಬಂದ ದಿನ ಫೋನ್ ಮಾಡು,” ಎಂದೆ.

ಅವಳು ಹೋದ ಮೇಲೆ ಆ ಕೋಣೆಗೆ ಬೇರೆಯವರನ್ನು ಕರೆಯಲು ನನಗೆ ಬಹಳ ದಿನ ಮನಸ್ಸು ಬರಲಿಲ್ಲ. ಅವಳ ಸಣ್ಣ ಪುಟ್ಟ ಮೆಸೇಜುಗಳು ಬರುತ್ತಿದ್ದವು. ಅಮ್ಮನ ವಿಷಯ ಕೇಳಿದರೆ, ಚೆನ್ನಾಗಿದ್ದಾರೆ ಎಂದಷ್ಟೇ. ಆಮೇಲೊಂದು ಶನಿವಾರ ವೀಡಿಯೋ ಕಾಲ್ ಬಂತು.

ಮನೆ ತೋರಿಸಿದಳು. ಕಂಬಗಳಿಗೆ ಎಣ್ಣೆ ಹಚ್ಚಿ ಒರೆಸಿದ್ದಳು. ಕಿಟಕಿಯಲ್ಲಿ ಕೇಕಿನ ಗಾಜಿನ ಪೆಟ್ಟಿಗೆ. ಒಳಗೆ ಎರಡು ಮಂಚ. ಒಂದರ ಮೇಲೆ, ಅಮ್ಮನಿಗೆಂದು ಇಲ್ಲಿಂದ ಕೊಂಡುಹೋದ ಹೊದಿಕೆಯಲ್ಲಿ, ಅಂಗಡಿಯ ಮಡಿಕೆ ಇನ್ನೂ ಹಾಗೇ ಇತ್ತು. ಅಷ್ಟರಲ್ಲಿ ಹೊರಗಿನಿಂದ ಯಾರೋ ಕರೆದದ್ದು ಕೇಳಿಸಿತು. ಎಳೆದು, ಮೆಲ್ಲಗೆ, “ಕುಲೊ ನುವುನ್...”

ಅವಳ ಮುಖ ಬದಲಾಯಿತು. ಫೋನನ್ನು ಮೇಜಿನ ಮೇಲೆ ಒರಗಿಸಿಟ್ಟು ಎದ್ದು ಹೋದಳು. ತೆರೆದ ಬಾಗಿಲಿನಾಚೆ ಅವಳ ಅಮ್ಮ ನಿಂತಿದ್ದರು. ಒಂದು ಕೈಯಲ್ಲಿ ಕೋಲು. ಚಪ್ಪಲಿ ಬಿಟ್ಟು, ಮೆಟ್ಟಿಲ ಕೆಳಗೇ ಕಾದು ನಿಂತಿದ್ದರು. ಸ್ವಲ್ಪ ಹಿಂದೆ, ಗದ್ದೆಯ ಅಂಚಿನಲ್ಲಿ, ಅತ್ತಿಗೆ ಕೊಡೆ ಹಿಡಿದು ನಿಂತಿದ್ದಳು. ಇವಳು ಏನೋ ಉತ್ತರ ಕೊಟ್ಟ ಮೇಲೆಯೇ ಅಮ್ಮ ಒಳಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. ಚಹಾ ಕುಡಿದರು, ಕೇಕಿನ ತುಂಡನ್ನು ಅರ್ಧ ತಿಂದರು, ತಲೆಯೆತ್ತಿ ತೊಲೆಗಳನ್ನು ಒಂದೊಂದಾಗಿ ನೋಡಿ ಚೆನ್ನಾಗಿದೆ ಎನ್ನುವ ಹಾಗೆ ಮಗಳ ಕೈ ತಟ್ಟಿದರು. ಫೋನಿನಲ್ಲಿ ನನ್ನನ್ನು ಕಂಡು ನಕ್ಕರು. ಬಿಸಿಲು ಇಳಿಯುವ ಮೊದಲೇ ಹೇಳಿ ಹೊರಟರು. ಅತ್ತಿಗೆ ಬಂದು ತೋಳು ಹಿಡಿದುಕೊಂಡಳು.

ಅವಳು ವಾಪಸು ಬಂದು ಫೋನಿನ ಎದುರು ಕೂತಳು. ಕಣ್ಣು ಒರೆಸಿಕೊಳ್ಳಲಿಲ್ಲ.

“ಬಾಗಿಲಲ್ಲಿ ಎಂತ ಹೇಳಿದ್ದು ಅವರು?” ಎಂದು ಕೇಳಿದೆ.

“ಬೇರೆಯವರ ಮನೆಗೆ ಹೋದಾಗ ಹೇಳುವುದು. ಒಳಗೆ ಬರಬಹುದಾ ಅಂತ. ದಿನಾ ಬರ್ತಾರೆ, ದಿನಾ ಹೊರಗೆ ನಿಂತು ಕೇಳ್ತಾರೆ.”

“ಇದು ನಿನ್ನದೇ ಮನೆ ಅಮ್ಮ ಅಂತ ಹೇಳ್ಬಾರದಾ?”

“ಹೇಳಿದೆ. ಇಲ್ಲ ಮಗಾ, ಈಗ ನಿನ್ನದು, ಕೇಳಿಯೇ ಬರಬೇಕು ಅಂತಾರೆ. ನನಗೆ ಮನೆಯೊಡತಿಯ ಮರ್ಯಾದೆ ಕೊಡ್ಲಿಕ್ಕೆ ಹಾಗೆ ಮಾಡ್ತಾರೆ, ನನಗೆ ಗೊತ್ತುಂಟು. ನನಗೆ ಸಿಟ್ಟಿಲ್ಲ.”

ಕೇಳಬಾರದು ಎಂದು ಗೊತ್ತಿದ್ದೂ ಕೇಳಿದೆ. “ಅಲ್ಲಿ, ಅತ್ತಿಗೆಯ ಹೊಸ ಮನೆಗೆ ಹೋಗುವಾಗಲೂ ಹಾಗೆ ಕೇಳಿಯೇ ಒಳಗೆ ಹೋಗ್ತಾರಾ?”

ಅವಳು ತಲೆ ಅಲ್ಲಾಡಿಸಿದಳು.

“ಅಲ್ಲಿ ಸೀದಾ ಹೋಗ್ತಾರೆ ಅಕ್ಕ,” ಎಂದಳು.